ಮೆಂತ್ಯದ ಕಿಣ್ವಗಳು ಕಚೇರಿ ವೇಳೆಯಲ್ಲಿ ಮಲಗುತ್ತಿರುವ ಬಗ್ಗೆ

ಕಾರ್ಯಾಲಯ: (ಹೆಸರು ಹೇಳುವಂತಿಲ್ಲ), ನವನಗರ, ಬಾಗಲಕೋಟೆ
ಸಂಖ್ಯೆ: ಪಲ್ಯ/ಕಿಣ್ವ/ಹಗಲು-ರಾತ್ರಿ/೨೦೨೫

ವಿಷಯ: ಕಚೇರಿ ಹಿತ್ತಲಿನ ಮೆಂತ್ಯದ ಎಲೆಗಳೊಳಗೆ ದುಡಿಯುವ ಕಿಣ್ವಗಳ ಹಾಜರಾತಿ.

ಉಲ್ಲೇಖ: ಕಚೇರಿಯ ಸಿಪಾಯಿ ಸಕ್ರವ್ವ ಅವರ ಮೌಖಿಕ ಎಚ್ಚರಿಕೆ: "ನನ್ನ ಪಲ್ಯ ಮತ್ತ ಹಸರಾಗೂತನ ನನ್ನ ಬುತ್ತಿಗಿ ಯಾರೂ ಕೈ ಹಚ್ಚಬ್ಯಾಡ್ರಿ!"

ಸಕ್ರವ್ವನವರು ಬೆಳೆದ ಹಸಿ ಮೆಂತ್ಯದ ಸೊಪ್ಪನ್ನು (ಈ ಕಡತದಲ್ಲಿ ಇನ್ನು ಮುಂದೆ 'ಪಲ್ಯ') ಅವರದೇ ಬುತ್ತಿಯ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಯೊಂದಿಗೆ ಎಲ್ಲರೂ ಕೂಡಿ ಉಣ್ಣುವುದು ಈ ಕಚೇರಿಯ ರೂಢಿ. ಪಲ್ಯ ಹಳದಿಯಾಗಿ ರೂಢಿ ನಿಂತಿದೆ. ಹೊಸ ಗುಮಾಸ್ತ ಮಹಾಂತೇಶನು ಪಲ್ಯ ಬಿಸಿಲಿಗೆ ಬಾಡೀತೆಂದು ಬೆಳಿಗ್ಗೆ ಕಚೇರಿ ತೆರೆದೊಡನೆ ಅದಕ್ಕೆ ತಾಯಿಯ ಕೌದಿ ಹೊದಿಸಿ, ಸಂಜೆ ಬೀಗ ಹಾಕುವಾಗ ತೆಗೆಯುತ್ತಿದ್ದುದು ವಿಚಾರಣೆಯಿಂದ ಕಂಡುಬಂದಿದೆ. ಅಯ್ಯೋ ಪುಣ್ಯಾತ್ಮಾ! (ಉದ್ಗಾರವನ್ನು ಕಡತಕ್ಕೆ ಸೇರಿಸಲಾಗಿದೆ.)

ಆದ್ದರಿಂದ ಸಮಸ್ತ ಕಿಣ್ವಗಳಿಗೂ ಮಹಾಂತೇಶನಿಗೂ ಈ ಮೂಲಕ ಸೂಚಿಸಲಾಗಿದೆ:

೧. ಸಕ್ಕರೆ ಕಟ್ಟುವ ಕಿಣ್ವಗಳು ಬೆಳಕು ಬಿದ್ದೊಡನೆ ತಮ್ಮ ಮೈಯೊಳಗಿನ ಗಂಧಕದ ಕೊಂಡಿ ಬಿಚ್ಚಿಕೊಂಡು ಕೆಲಸಕ್ಕೆ ಏಳತಕ್ಕದ್ದು. ಕತ್ತಲಾದರೆ ಕೊಂಡಿ ಮತ್ತೆ ಬಿದ್ದು ಅವು ಮಲಗುತ್ತವೆ.

೨. ಕೊಂಡಿ ಬಿಚ್ಚುವ ಹೊಣೆ ಥಯೊರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನಿನದು. ಬೆಳಕಿಲ್ಲದಿದ್ದರೆ ಅದಕ್ಕೆ ಕಸುವಿಲ್ಲ. ಹೀಗಾಗಿ ಕೌದಿಯ ಬಳಿ ನಿಂತು "ಏಳ್ರಪಾ, ಏಳ್ರಿ" ಎಂದು ಕೂಗಿದ ಈ ಸಹಿದಾರರ ಕ್ರಮವನ್ನು ನಿಷ್ಫಲವೆಂದು ಪರಿಗಣಿಸಲಾಗಿದೆ.

೩. ರುಬಿಸ್ಕೋ ಎಂಬ ಕಿಣ್ವವು ಎಲೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿದ್ದು, ಭಾಳ ನಿಧಾನವಾಗಿ ದುಡಿಯುತ್ತದೆ. ಇದನ್ನು ಓದಿ ಸಿಬ್ಬಂದಿ ಪರಸ್ಪರ ಮುಖ ನೋಡಿಕೊಳ್ಳತಕ್ಕದ್ದಲ್ಲ.

೪. ಸಕ್ಕರೆ ಖರ್ಚು ಮಾಡುವ ಕೆಲವು ಕಿಣ್ವಗಳು ಕತ್ತಲಲ್ಲೇ ಚುರುಕು. ರಾತ್ರಿ ಹೇಗೂ ಕತ್ತಲು, ಹಗಲೂ ಕೌದಿಯಡಿ ಕತ್ತಲಾದರೆ ಗಳಿಕೆಯಿಲ್ಲ, ಬರೀ ಖರ್ಚು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದೆಂಬ ಮಾತು ಎಲೆಗೂ ಅನ್ವಯಿಸುತ್ತದೆ.

೫. ಮೋಡ ಕವಿದ ದಿನ ಕಿಣ್ವಗಳು ಅರ್ಧ ದಿನದ ರಜೆಯಲ್ಲಿವೆಯೆಂದು ಭಾವಿಸುವುದು. ಎರಡನೇ ಶನಿವಾರದ ರಜೆ ಸೂರ್ಯನಿಗೆ ಅನ್ವಯಿಸದು.

೬. ಪಲ್ಯದ ಮೇಲೆ ಯಾರ ನೆರಳೂ ಬೀಳಕೂಡದು. ದಪ್ಪಗಿರುವವರು, ನೆರಳು ಆಚೆ ಬೀಳುವಂತೆ, ಮೆಂತ್ಯದ ಮಡಿಯ ಉತ್ತರಕ್ಕೆ ಮಾತ್ರ ನಿಲ್ಲತಕ್ಕದ್ದು. ಸಹಿದಾರರೂ ಸೇರಿದಂತೆ.

೭. ಕೌದಿಯನ್ನು ಒಗೆದು ಮಹಾಂತೇಶನ ತಾಯಿಗೆ ಮರಳಿಸುವುದು. ಅವನ ಮೇಲೆ ಶಿಸ್ತುಕ್ರಮ ಬೇಡವೆಂದು ಸಕ್ರವ್ವನವರೇ ಹೇಳಿದ್ದಾರೆ: "ಪಾಪ, ಅಂವ ಕಕ್ಕುಲಾತಿಲೆ ಹೊಚ್ಯಾನ್ರಿ. ಬಿಸಿಲಿಗಿ ಬಾಡೂದು ನೀವು, ಪಲ್ಯ ಅಲ್ಲ." ಸದರಿ ಅಭಿಪ್ರಾಯವನ್ನು ಒಪ್ಪಲಾಗಿದೆ. ಆದರೆ ಬುತ್ತಿಯ ಮೇಲಿನ ತಡೆಯಾಜ್ಞೆ ಮಾತ್ರ ತೆರವಾಗಿಲ್ಲ. ದಿನಾ ಕ್ಯಾಂಟೀನಿನ ಉಪ್ಪಿಟ್ಟು ತಿಂದು ಇಡೀ ಕಚೇರಿಗೆ ಖರೇನ ದುಃಖವಾಗಿದೆಯೆಂದು ದಾಖಲಿಸಲಾಗಿದೆ.

ಸಹಿ/-
(ಮುತ್ತಪ್ಪ)
ಅಧೀಕ್ಷಕರು

ಪ್ರತಿಗಳು:
೧. ಸೂರ್ಯ: ಬೆಳಕನ್ನು ಇಲ್ಲಿಗೇ ಮುಂದುವರಿಸಿ, ಶಾಖವನ್ನು ಆದಷ್ಟು ಬಾದಾಮಿಯ ಬಂಡೆಗಳಿಗೆ ವರ್ಗಾಯಿಸಲು.
೨. ಸಮಸ್ತ ಕಿಣ್ವಗಳು, ಮೆಂತ್ಯದ ಮಡಿ: ಎದ್ದ ನಂತರ ಓದಲು.
೩. ಮಹಾಂತೇಶ: ರಾತ್ರಿ ಟ್ಯೂಬ್‌ಲೈಟ್ ಹಚ್ಚುವ ಅವನ ಹೊಸ ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ.
೪. ಸಕ್ರವ್ವ: ಪಲ್ಯ ಎದ್ದರೆ ಊಟಕ್ಕೆ ಕರೆಯಲು ವಿನಂತಿ. ಏಳದಿದ್ದರೂ ಕರೆಯಲು ವಿನಂತಿ.