ಹಿತ್ತಲಿನ ಟೆಂಪೊ ಮತ್ತು ನನ್ನ ಹದಿನೈದು ದಿನಗಳ ಯೋಜನೆ

ಹದಿನೈದು ದಿನಗಳಲ್ಲಿ ಒಂದು ಟೆಂಪೊವನ್ನು ಹಿತ್ತಲಿನಿಂದ ಹೊರಗೆ ಹಾಕುವುದು ಕಷ್ಟದ ಕೆಲಸವೇನಲ್ಲ. ಹೀಗೆಂದು ನನ್ನ ದಿನಚರಿಯಲ್ಲಿ ಹಸಿರು ಶಾಯಿಯಿಂದ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಅಕ್ಷರ ದುಂಡಗಿದೆ. ಗೆರೆ ನೇರವಾಗಿದೆ. ಆ ಪುಟದಲ್ಲಿ ಸರಿಯಾಗಿರುವುದು ಅವೆರಡೇ!

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ನಳ ಎಷ್ಟು ಗಂಟೆಗೆ ಬಂತು, ಯಲವಿಗಿಯಲ್ಲಿ ರೈಲು ಎಷ್ಟು ನಿಮಿಷ ತಡವಾಯಿತು, ಅಪ್ಪ ದಿನಕ್ಕೆ ಎಷ್ಟು ಸಲ "ಇರ್ಲಿ ಬಿಡು" ಎಂದ, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ಅಪ್ಪನದು ಸಾಧಾರಣ ದಿನ ಹದಿನೇಳು ಸಲ, ಹಬ್ಬದ ದಿನ ಇಪ್ಪತ್ತರ ಮೇಲೆ.

ಟೆಂಪೊ ನಮ್ಮ ಹಿತ್ತಲಿಗೆ ಬಂದದ್ದೂ ಅಂಥ ಒಂದು "ಇರ್ಲಿ ಬಿಡು"ವಿನ ದೆಸೆಯಿಂದಲೇ. ಸವಣೂರಿನ ಒಂದು ಮದುವೆಗೆ ಸ್ಪೀಕರ್ ಡಬ್ಬಿಗಳನ್ನು ಹೊತ್ತು ತಂದಿದ್ದ ಗಾಡಿ ಅದು. ಮದುವೆ ಮುಗಿಸಿ ಹೊರಟಾಗ ನಮ್ಮ ಮನೆಯ ಮುಂದೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮಾಲೀಕ ಹಾನಗಲ್ ಕಡೆಯವನು. ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಅಪ್ಪ ವೀಳ್ಯದೆಲೆ ತೋಟದಿಂದ ಆಗಷ್ಟೇ ಬಂದಿದ್ದ. "ಇರ್ಲಿ ಬಿಡ್ರಿ, ನಮ್ಮ ಹಿತ್ತಲದಾಗ ನಿಂದರ್ಸಿ ಹೋಗ್ರಿ. ನಾಳೆ ಬಂದು ಒಯ್ಯಿರಂತ" ಎಂದ. ಆ ಮನುಷ್ಯ ನಮ್ಮಲ್ಲಿ ರೊಟ್ಟಿ ಉಂಡು, ಸ್ಪೀಕರುಗಳನ್ನು ಬೇರೆ ಗಾಡಿಗೆ ಹೇರಿ, ಕೈ ಮುಗಿದು ಹೋದ.

"ಅಪ್ಪಾ, ಅವರ ಫೋನ್ ನಂಬರ್ ತಗೊಂಡಿಯೇನು?" ಎಂದು ಕೇಳಿದೆ.

"ನಾಳೆ ಬರಾಂವನ ನಂಬರ್ ಯಾಕ ಬೇಕವಾ?"

ನಾಳೆ ಎಂಬುದು ಎರಡು ವರ್ಷ, ನಾಲ್ಕು ತಿಂಗಳು, ಹನ್ನೊಂದು ದಿನ ಆಯಿತು. ಅಷ್ಟೂ ದಿನ ನಾನು ಅಪ್ಪನಿಗೆ ಅದೊಂದೇ ಮಾತು ಎತ್ತಿ ಆಡಿದೆ: ಫೋನ್ ನಂಬರ್ ಬರೆದುಕೊಳ್ಳದ ಮನುಷ್ಯನೂ ಒಬ್ಬ ಮನುಷ್ಯನೇ?

ಇಷ್ಟು ದಿನ ಇದ್ದದ್ದು ಇನ್ನಷ್ಟು ದಿನ ಇರಬಹುದಿತ್ತು. ಆದರೆ ಈ ಸಲ ಅವ್ವನ ಭಟ್ಟಿಯ ಪ್ರಶ್ನೆ ಬಂತು. ಅವ್ವ ಕಡಲೆಹಿಟ್ಟಿನ ಖಾರಾ ಕರಿದು ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಕೊಡುತ್ತಾಳೆ. ಒಂಬತ್ತು ವರ್ಷದಿಂದ ಅಡುಗೆಮನೆಯ ಮೂಲೆಯಲ್ಲಿ, ಹೊಗೆಯಲ್ಲಿ, ಕಣ್ಣು ಒರೆಸಿಕೊಳ್ಳುತ್ತ. ಅವಳ ಒಂದೇ ಆಸೆ, ಹಿತ್ತಲಿನಲ್ಲಿ ತಗಡಿನ ನೆರಳು ಹಾಕಿ ಒಂದು ದೊಡ್ಡ ಭಟ್ಟಿ ಕಟ್ಟಿಸುವುದು. ಈ ದೀಪಾವಳಿಗೆ ನಾಲ್ಕು ಅಂಗಡಿಗಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ಅಡುಗೆಮನೆಯ ಒಲೆಯಲ್ಲಿ ಅಷ್ಟು ಖಾರಾ ಕರಿಯಬೇಕೆಂದರೆ ಮುಂದಿನ ದೀಪಾವಳಿ ಬರುತ್ತದೆ.

ಗೌಂಡಿ ಬಸಣ್ಣ ಬಂದು ಹಿತ್ತಲು ನೋಡಿ, ಟೆಂಪೊ ನೋಡಿ, ಮೀಸೆ ತಿರುವಿದ. "ದಸಮಿ ಮರುದಿನ ಮುಂಜಾನಿ ಬರ್ತೇನಿ ಅವ್ವಾರ. ಜಾಗಾ ಖಾಲಿ ಇದ್ರ ಪಾಯಾ ತಗೀತೇನಿ. ಇಲ್ಲಾಂದ್ರ ಶಿಗ್ಗಾವಿ ಕೆಲಸಕ್ಕ ಹೋಗ್ತೇನಿ. ಆಮ್ಯಾಲೆ ಯುಗಾದಿಗೆ ಮಾತಾಡೂಣು."

ದಸಮಿ ಮರುದಿನಕ್ಕೆ ಸರಿಯಾಗಿ ಹದಿನೈದು ದಿನ ಇತ್ತು. "ಅವ್ವಾ, ಇದನ್ನ ನನಗ ಬಿಡು" ಎಂದೆ. ಅವ್ವ ನನ್ನನ್ನೂ ದಿನಚರಿಯನ್ನೂ ಒಮ್ಮೆ ನೋಡಿ, ಸೊಪ್ಪು ಸೋಸಲು ಒಳಗೆ ಹೋದಳು.

ಮೊದಲ ದಿನ ನಾನು ಹಿತ್ತಲಿನ ನಕ್ಷೆ ಬರೆದೆ. ಬಲಕ್ಕೆ ಬಾವಿ. ಎಡಕ್ಕೆ ಬಚ್ಚಲು. ನಡುವೆ ಟೆಂಪೊ. ಹಿಂದಿನ ಮೂಲೆಯಲ್ಲಿ ಬೇವಿನ ಮರ, ಅದರ ನೆರಳಿನಲ್ಲಿ ನಾನು ಕುಳಿತು ಬರೆಯುವ ಮೇಜು-ಕುರ್ಚಿ. ಆ ಜಾಗಕ್ಕೆ ಕೆಂಪು ಶಾಯಿಯಿಂದ "ಬದಲಾವಣೆ ಇಲ್ಲ" ಎಂದು ಬರೆದೆ. ಟೆಂಪೊದಿಂದ ರಸ್ತೆಯ ಕಡೆಗೆ ಒಂದು ಬಾಣ ಎಳೆದೆ. ಯೋಜನೆ ಸಿದ್ಧ!

ಎರಡನೆಯ ದಿನ ನೋಟಿಸು ಬರೆದೆ. "ಈ ವಾಹನದ ಮಾಲೀಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಏಳು ದಿನಗಳ ಒಳಗಾಗಿ ಸದರಿ ವಾಹನವನ್ನು ಸದರಿ ಹಿತ್ತಲಿನಿಂದ ತೆರವುಗೊಳಿಸತಕ್ಕದ್ದು." ಮಾಲೀಕ ಹಾನಗಲ್ಲಿನಲ್ಲಿ ಇರುವಾಗ ನಮ್ಮ ಹಿತ್ತಲಿನ ನೋಟಿಸನ್ನು ಯಾರು ಓದಬೇಕು ಎಂಬ ಪ್ರಶ್ನೆ ನನಗೆ ಆಗ ಬರಲಿಲ್ಲ. ಅಂಟು ಇರಲಿಲ್ಲವಾದ್ದರಿಂದ ಅನ್ನದ ಗಂಜಿ ಬಳಿದು ಟೆಂಪೊದ ಬಾಗಿಲಿಗೆ ಅಂಟಿಸಿದೆ.

ಮರುದಿನ ಮುಂಜಾನೆ ಪಕ್ಕದ ಮನೆಯ ಹುಸೇನಬಿ ಚಾಚಿ ಗೋಡೆಯ ಮೇಲಿಂದ ಇಣುಕಿದರು. "ರೇಣವ್ವಾ, ಅದೇನು ಬರದಿದ್ದಿ? ನಮ್ಮ ಆಡು ಪೂರಾ ತಿಂದು, ಇನ್ನೂ ಬೇಕು ಅಂತ ಬಾಗಲಾ ನೆಕ್ಕಾಕತ್ತೈತಿ!"

ನೋಟಿಸು ಜಾರಿಯಾಯಿತು. ಆಡಿಗೆ.

ನಾಲ್ಕನೆಯ ದಿನ ಪೊಲೀಸ್ ಠಾಣೆಗೆ ಹೋದೆ. ಹವಾಲ್ದಾರರು ನನ್ನ ಮೂರು ಪುಟಗಳ ಅರ್ಜಿಯನ್ನು ಸಮಾಧಾನದಿಂದ ಓದಿದರು. "ಕುಂಡ್ರಿ ತಂಗಿ. ಇದರಾಗ ನಳ ಬಂದ ಟೈಮ್ ಯಾಕ ಬರದೀರಿ?"

"ಆವತ್ತಿನ ದಿನದ ವಿವರ ಪೂರ್ತಿ ಇರ್ಲಿ ಅಂತರಿ."

"ಇರ್ಲಿ. ಗಾಡಿ ನಂಬರ್ ಬರ್ಕೊಂಡ್ ಬರ್ರಿ. ಚಾಸಿ ಮ್ಯಾಲೆ ಒಂದು ನಂಬರ್ ಹೊಡದಿರ್ತಾರ, ಅದೂ ಬೇಕು. ನಾಲ್ಕೂ ಕಡಿಂದ ಫೋಟೋ ಬೇಕು. ನಾವು ಮಾಲಕರನ್ನ ಹುಡಕ್ತೀವಿ. ಒಂದ್ ಮಾತ್ರ ನೆನಪಿಡ್ರಿ. ನೀವ ಎಳಕೊಂಡ್ ಹೋಗಿ ರಸ್ತಾದಾಗ ಬಿಟ್ಟೀರಿ ಅಂದ್ರ ನಾವು ಹುಡಕೂದು ನಿಮ್ಮನ್ನ!"

ನಂಬರ್ ಪ್ಲೇಟಿನ ಮೇಲೆ ಮೂರು ಮಳೆಗಾಲದ ಕೆಸರು ಕೂತಿತ್ತು. ಅದನ್ನು ತೊಳೆದೆ. ಪ್ಲೇಟು ಮಾತ್ರ ಹೊಳೆಯುತ್ತ, ಉಳಿದದ್ದು ಹೊಲಸಾಗಿ ಕಂಡಿತು. ಅರ್ಧಮರ್ಧ ಕೆಲಸ ನನಗೆ ಆಗಿಬರುವುದಿಲ್ಲ. ಹಾಗಾಗಿ ಪೂರ್ತಿ ತೊಳೆದೆ. ಇಪ್ಪತ್ತಾರು ಬಕೆಟ್ ನೀರು. ಚಾಸಿ ನಂಬರು ಗಾಡಿಯ ಅಡಿಯ ಚೌಕಟ್ಟಿನ ಮೇಲೆ, ತುಕ್ಕಿನ ಕೆಳಗಿತ್ತು. ಸೀಮೆಎಣ್ಣೆ ಹಾಕಿ ಎರಡು ದಿನ ಉಜ್ಜಿದೆ. ಒಳಗೆ ಬೆಕ್ಕು ಮರಿ ಹಾಕಿದ್ದ ಗುರುತು ಇತ್ತು. ಅದನ್ನೂ ಗುಡಿಸಿದೆ.

ಹಿಂಭಾಗ ಗೋಡೆಗೆ ತಾಗಿ ನಿಂತಿದ್ದರಿಂದ ಆ ಕಡೆಯ ಫೋಟೋ ತೆಗೆಯಲು ಜಾಗವಿರಲಿಲ್ಲ. ಗಾಡಿ ಮುಂದೆ ಸರಿಯಬೇಕು. ಸರಿಯಬೇಕೆಂದರೆ ಗಾಲಿಗೆ ಗಾಳಿ ಬೇಕು. ಪಂಕ್ಚರ್ ಅಂಗಡಿಯಿಂದ ಕೈಪಂಪು ತಂದು ಒತ್ತಿದೆ. ನಾಲ್ಕು ಗಾಲಿಗೆ ಒಟ್ಟು ಸಾವಿರದ ನೂರಾ ನಲವತ್ತಾರು ಸಲ. ಚಾಚಿ ಗೋಡೆಯ ಮೇಲೆ ಗಲ್ಲ ಊರಿ ನೋಡುತ್ತಿದ್ದರು.

"ರೇಣವ್ವಾ, ಇದನ್ನ ಹೊರಗ ಹಾಕಾಕತ್ತಿಯೋ, ಮದುವಿಗೆ ತಯಾರ ಮಾಡಾಕತ್ತಿಯೋ?"

ಆಮೇಲೆ ಚಾಚಿ, ಅಪ್ಪ, ನಾನು ಮೂವರೂ ಸೇರಿ ದೂಡಿದೆವು. ಟೆಂಪೊ ಒಂದು ಮೊಳ ಮುಂದೆ ಬಂತು. ಆ ಕ್ಷಣದಲ್ಲಿ ನನಗೆ ಒಂದು ಸಂಗತಿ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ಫೋಟೋಕ್ಕೆ ಜಾಗ: ಆಯಿತು" ಎಂದು ಬರೆದು ಗುರುತು ಹಾಕಿದೆ.

ಇಷ್ಟರಲ್ಲಿ ಹದಿಮೂರನೆಯ ದಿನ, ಅಂದರೆ ಮಹಾನವಮಿ ಬಂತು. ಅಪ್ಪನ ಸೈಕಲ್ಲು, ನನ್ನ ಸ್ಕೂಟಿ, ತೋಟದ ಕುಡಗೋಲು, ಅವ್ವನ ಕಡಾಯಿ, ಜಾರಾ, ಎಲ್ಲವನ್ನೂ ಹಿತ್ತಲಿನಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಸಾಲಿನ ಹಿಂದೆ ಟೆಂಪೊ ಸ್ನಾನ ಮಾಡಿದ ಹಿರಿಯರಂತೆ ನಿಂತಿತ್ತು. ಅವ್ವ ಆರತಿ ತಟ್ಟೆ ಹಿಡಿದು ಅದರ ಮುಂದೆ ನಿಂತಳು.

"ಅವ್ವಾ, ಅದು ನಮ್ಮದಲ್ಲ!"

"ನಮ್ಮದಲ್ಲ ಖರೆ. ಆದ್ರ ನಮ್ಮ ಹಿತ್ತಲದಾಗ ಐತಿ. ಕುಡಗೋಲಿಗೂ ಹೂವು ಏರಸಿ, ಇಷ್ಟು ದೊಡ್ಡ ಗಾಡಿ ಹಂಗ ಬಿಟ್ರ ಅದಕ್ಕ ಹೆಂಗನಸಬೇಕು? ಹಬ್ಬದ ದಿನಾ ಯಾರನ್ನೂ ಹಂಗ ನಿಂದರ್ಸಬಾರದು."

ಟೆಂಪೊಗೆ ಚೆಂಡುಹೂವಿನ ಮಾಲೆ ಬಿತ್ತು. ಗಾಜಿಗೆ ವಿಭೂತಿ, ಕುಂಕುಮ. ಗಾಲಿಗೆ ನಿಂಬೆಹಣ್ಣು. ಅಪ್ಪ "ಇರ್ಲಿ ಬಿಡು" ಎಂದು ಕುಂಬಳಕಾಯಿಯನ್ನೂ ಒಡೆದ.

ಬಿಸಿಲು ಚೆನ್ನಾಗಿತ್ತು. ನಾಲ್ಕೂ ಕಡೆ ಸ್ವಚ್ಛವಾಗಿತ್ತು. ಇಂಥ ಬೆಳಕು ಮತ್ತೆ ಸಿಗುವುದಿಲ್ಲವೆಂದು ಆಗಲೇ ನಾಲ್ಕು ಫೋಟೋ ತೆಗೆದೆ. ಗಾಡಿಯ ಅಳತೆ ಪೊಲೀಸರಿಗೆ ಗೊತ್ತಾಗಲಿ ಎಂದು ಪ್ರತಿ ಫೋಟೋದಲ್ಲೂ ಒಬ್ಬೊಬ್ಬರನ್ನು ನಿಲ್ಲಿಸಿದೆ. ಮೊದಲನೆಯದರಲ್ಲಿ ಹೊಸ ಧೋತರ ಉಟ್ಟು ಬಾನೆಟ್ ಮೇಲೆ ಕೈ ಇಟ್ಟ ಅಪ್ಪ. ಎರಡನೆಯದರಲ್ಲಿ ಆರತಿ ತಟ್ಟೆಯ ಅವ್ವ. ಮೂರನೆಯದರಲ್ಲಿ ಚಾಚಿ. ನಾಲ್ಕನೆಯದು ಡ್ರೈವರ್ ಬಾಗಿಲಿನ ಕಡೆಯದು. ಅದರಲ್ಲಿ ನಾನೇ ನಿಂತೆ. ನಗುತ್ತಿದ್ದೆ ಕೂಡ!

ಮಾಲೀಕನ ಗುರುತು ಯಾರಿಗಾದರೂ ಸಿಗಬಹುದೆಂದು ಆ ನಾಲ್ಕನ್ನೂ ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಜೊತೆಗೆ ಮೂರು ಪ್ಯಾರಾಗಳ ಪ್ರಕಟಣೆ ಹಾಕಬೇಕಿತ್ತು. ಅದರ ಕಾಗುಣಿತ ತಿದ್ದಿ ಮುಗಿಸುವಷ್ಟರಲ್ಲಿ ನಲವತ್ತೊಂದು ಜನ ಅಭಿನಂದನೆ ತಿಳಿಸಿದ್ದರು. ಇಬ್ಬರು "ಬಾಡಿಗಿಗೆ ಬರ್ತದೇನ್ರಿ?" ಎಂದು ಕೇಳಿದ್ದರು. ನನ್ನ ಪ್ರಕಟಣೆಯನ್ನು ಯಾರೂ ಓದಲಿಲ್ಲ.

ದಸಮಿಯ ಮುಂಜಾನೆ ಫೋಟೋಗಳನ್ನು ಹವಾಲ್ದಾರರಿಗೆ ತೋರಿಸಿದೆ. ಅವರು ನಾಲ್ಕನ್ನೂ ನೋಡಿದರು. ಆಮೇಲೆ ನನ್ನ ಕೈಚೀಲದ ಕಡೆ ನೋಡಿದರು.

"ಪೇಡೆ ಎಲ್ರಿ ತಂಗಿ?"

"ಯಾವ ಪೇಡೆರಿ?"

"ಗಾಡಿ ತಗೊಂಡ ಪೇಡೆ! ತೊಳದೀರಿ, ಗಾಳಿ ಹಾಕೀರಿ, ಪೂಜಾ ಮಾಡೀರಿ, ಮನಿಮಂದಿ ಎಲ್ಲಾ ನಿಂತು ಫೋಟೋ ತಗಸೀರಿ. ಈಗ ಬಂದು 'ಇದು ನಮ್ಮದಲ್ಲ' ಅಂದ್ರ ನಾ ಸಾಹೇಬರ ಮುಂದ ಏನ್ ಹೇಳ್ಲಿ? ಹೋಗ್ರಿ, ಹೂವು ತಗದು, ನೀವ್ಯಾರೂ ನಿಂದರದ ಬ್ಯಾರೆ ಫೋಟೋ ತಗೊಂಡ್ ಬರ್ರಿ."

ಮನೆಗೆ ಬಂದಾಗ ಅವ್ವ ಕಡಲೆಹಿಟ್ಟಿನ ಚೀಲ ಬಿಚ್ಚದೆ ಹಾಗೇ ಗೋಡೆಗೆ ಒರಗಿಸಿಟ್ಟಿದ್ದಳು. ಬೈದಿದ್ದರೆ ಬರೆದುಕೊಳ್ಳಬಹುದಿತ್ತು. ಆ ದಿನದ ಪುಟದಲ್ಲಿ ಒಂದು ಸಾಲೂ ಇಲ್ಲ.

ಹದಿನೈದನೆಯ ದಿನ. ಎಂಟು ಗಂಟೆಗೆ ಗೌಂಡಿ ಬಸಣ್ಣ ಗುದ್ದಲಿ ಹೊತ್ತು ಬಂದ. ಟೆಂಪೊ ನೋಡಿದ. "ಹಂಗಾರ ನಾ ಶಿಗ್ಗಾವಿಗೆ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮೂವರು ಗಂಡಸರು ನಿಂತಿದ್ದರು. ಮುಂದಿದ್ದವನನ್ನು ನಾನು ಗುರುತು ಹಿಡಿದೆ. ಟೆಂಪೊದ ಮಾಲೀಕ!

ಎರಡು ವರ್ಷದಿಂದ ಇವನಿಗಾಗಿಯೇ ನಾನು ಒಂದು ಪಟ್ಟಿ ಮಾಡಿಟ್ಟಿದ್ದೆ. ಬೈಯಬೇಕಾದ ಅಂಶಗಳು, ಒಟ್ಟು ಹತ್ತೊಂಬತ್ತು. ದಿನಚರಿ ತೆರೆದು ಗಂಟಲು ಸರಿಪಡಿಸಿಕೊಂಡೆ. ಆತ ನೇರವಾಗಿ ಅಪ್ಪನ ಬಳಿ ಹೋಗಿ ಕೈಯಲ್ಲಿ ಬನ್ನಿ ಎಲೆ ಇಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಕಾಲಿಗೆ ಬಗ್ಗಿದ. ಅವ್ವನಿಗೂ ಕೊಟ್ಟ. ನನಗೂ ಕೊಟ್ಟ.

ಬನ್ನಿ ಕೊಟ್ಟವರನ್ನು ಬೈಯುವಂತಿಲ್ಲ. ಹತ್ತೊಂಬತ್ತು ಅಂಶಗಳೂ ಅಲ್ಲೇ ಮುಕ್ತಾಯ!

"ಒಂದ್ ತಿಂಗಳು ಬರಾಕ ಆಗ್ಲಿಲ್ರಿ" ಎಂದ ಆತ. "ಆಮ್ಯಾಲೆ ನಾಚಿಕಿ ಆತು. ವರ್ಷಾದ ಮ್ಯಾಲೆ ಹೆದರಿಕಿ ಆತು, ಗುಜರಿಗೆ ಹಾಕಿರಬೇಕು ಅಂತ. ನಿನ್ನೆ ನಮ್ಮ ಅಳಿಯನ ಫೋನಿಗೆ ಯಾರೋ ಕಳಿಸಿದ ಫೋಟೋ ನೋಡಿದೆ. ನನ್ನ ಗಾಡಿ! ಮಾಲಿ ಹಾಕ್ಕೊಂಡು! ಎರಡು ದಸರಾ ನಾನ ಪೂಜಾ ಮಾಡಿಲ್ರಿ ಅದಕ್ಕ." ಕಣ್ಣು ಒರೆಸಿಕೊಂಡು ಡ್ರೈವರ್ ಸೀಟಿಗೆ ಹತ್ತಿ ಕೀಲಿ ತಿರುವಿದ. ಟೆಂಪೊ ಏನೂ ಅನ್ನಲಿಲ್ಲ.

"ನಾಳೆ ಗಾಡಿ ಮಿಸ್ತ್ರೀನ್ನ ಕರಕೊಂಡ್ ಬಂದು ಒಯ್ತೇನ್ರಿ" ಎಂದ.

"ಇರ್ಲಿ ಬಿಡ್ರಿ" ಎಂದ ಅಪ್ಪ.

ಆಗ ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ಇರ್ಲಿ. ಆದ್ರ ಇಲ್ಲಿ ಬ್ಯಾಡ. ಮಂದಿ ಅದಾರ, ಗಾಲಿಗೆ ಗಾಳಿ ಐತಿ. ದೂಡಿ ಆ ಬೇವಿನ ಗಿಡದ ಬುಡಕ್ಕ ನಿಂದರ್ಸ್ರಿ. ರೇಣು, ನಿನ್ನ ಮೇಜು ತಗಿ."

ಮಾಲೀಕ, ಅವನ ಜೊತೆಗಿನ ಇಬ್ಬರು, ಬಸಣ್ಣ, ಅಪ್ಪ, ಅವ್ವ, ಚಾಚಿ. ಏಳು ಜನ, ಹದಿನಾಲ್ಕು ಕೈ, ಹನ್ನೊಂದು ನಿಮಿಷ. ನಾನು ಗಡಿಯಾರ ಹಿಡಿದು ಬರೆದುಕೊಂಡೆ. ಒಂಬತ್ತಕ್ಕೆ ಬಸಣ್ಣ ಪಾಯ ತೆಗೆದ. ಅವ್ವ ಹಿಟ್ಟಿನ ಚೀಲ ಬಿಚ್ಚಿದಳು.

ಆ ಖುಷಿಯಲ್ಲೇ ಮಧ್ಯಾಹ್ನ ಠಾಣೆಗೆ ಹೋಗಿ ಹೇಳಿದೆ, "ಮಾಲಕರು ಸಿಕ್ಕರ್ರಿ. ಅರ್ಜಿ ವಾಪಸ್ ತಗೊಳ್ತೇನಿ."

"ಭಾಳ ಛಲೋ ಆತು" ಎಂದು ಹವಾಲ್ದಾರರು ಪೆನ್ನು ಎತ್ತಿಕೊಂಡರು. "ಅವರ ಹೆಸರು, ಫೋನ್ ನಂಬರ್ ಹೇಳ್ರಿ."

ದಿನಚರಿ ತೆರೆದೆ. ಇಪ್ಪತ್ತಾರು ಬಕೆಟ್ಟು ಇತ್ತು. ಸಾವಿರದ ನೂರಾ ನಲವತ್ತಾರು ಇತ್ತು. ಆಡು ತಿಂದ ನೋಟಿಸಿನ ನಕಲೂ ಇತ್ತು. ಹನ್ನೊಂದು ನಿಮಿಷದ ಕೆಳಗೆ ಎರಡು ಗೆರೆ ಇದ್ದವು. ಹಾಳೆ ಮುಂದೆ ತಿರುವಿದೆ, ಹಿಂದೆ ತಿರುವಿದೆ.

ಹವಾಲ್ದಾರರು ಪೆನ್ನು ಕೆಳಗಿಟ್ಟರು. "ಇರ್ಲಿ ಬಿಡ್ರಿ ತಂಗಿ. ಪೇಡೆ ಯಾವಾಗಾರ ತರ್ರಿ."

ಇದೆಲ್ಲ ಆಗಿ ಹದಿನೆಂಟು ದಿನವಾಯಿತು. ಭಟ್ಟಿ ಉರಿಯುತ್ತಿದೆ. ನಾಲ್ಕು ಅಂಗಡಿಗೂ ಖಾರಾ ಹೋಗಿದೆ. ಮೇಜಿಗೆ ಜಾಗವಿಲ್ಲದ ಕಾರಣ ಇದನ್ನು ಡ್ರೈವರ್ ಸೀಟಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೇವಿನ ನೆರಳು ಚೆನ್ನಾಗಿದೆ. ಆಗಾಗ ಅಪ್ಪ ಕಿಟಕಿಯಲ್ಲಿ ಇಣುಕಿ, ಒಂದು ಹಿಡಿ ಬಿಸಿ ಖಾರಾ ಕೊಟ್ಟು, ಬಲು ಮೆಲ್ಲಗೆ ಕೇಳುತ್ತಾನೆ.

"ಅವರ ಫೋನ್ ನಂಬರ್ ತಗೊಂಡಿಯೇನವಾ?"