ಅತ್ತೆಯ ಹೆಬ್ಬೆಟ್ಟಿಗೊಂದು ಆಟದ ಡಬ್ಬಿ

ಇಡೀ ಹೊಸದುರ್ಗ ತಾಲ್ಲೂಕಿನಲ್ಲಿ ವಿಡಿಯೋ ಗೇಮಿನ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಯಾರು ಗೊತ್ತೇ? ಕಾಲೇಜು ಹುಡುಗರಲ್ಲ, ಕಂಪ್ಯೂಟರ್ ಕ್ಲಾಸಿನ ಮೇಷ್ಟರೂ ಅಲ್ಲ. ಅರವತ್ತು ದಾಟಿದ, ಬಳೆ ಅಂಗಡಿ ಇಟ್ಟಿರುವ ನನ್ನ ಸೋದರತ್ತೆ! ನಂಬಿಕೆ ಬಾರದಿದ್ದರೆ ನೀವೇ ಒಮ್ಮೆ ಅವಳ ಅಂಗಡಿಯ ಮುಂದೆ ನಿಂತು, "ಅಂಗೈಯಗಲದ್ದು ಒಂದು ಗೇಮ್ ಡಬ್ಬಿ ತಗೋಬೇಕು ಅಂತಿದ್ದೀನಿ" ಎಂದು ಬಾಯಿ ಬಿಟ್ಟು ನೋಡಿ. ಹಾಗೆ ಬಾಯಿ ಬಿಟ್ಟವರು ಅಂದುಕೊಂಡ ಬಸ್ಸಿಗೆ ಊರು ಸೇರಿದ್ದನ್ನು ನಾನಂತೂ ಕಂಡಿಲ್ಲ.

ನನ್ನದು ಚಿತ್ರದುರ್ಗದಲ್ಲಿ ಒಂದು ಸಣ್ಣ ಮೊಬೈಲ್ ಅಂಗಡಿ. ಚಾರ್ಜರು, ಕವರು, ಇಯರ್‌ಫೋನುಗಳ ನಡುವೆ ಹಳೇ ಕಾಲದ ಆಟಗಳನ್ನು ತುಂಬಿದ ಪುಟ್ಟ ಗೇಮ್ ಡಬ್ಬಿಗಳನ್ನೂ ಇಟ್ಟಿದ್ದೇನೆ. ನಮ್ಮ ಬಾಲ್ಯದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಆ ಆಟಗಳೆಲ್ಲ ಈಗ ಸೋಪಿನ ಪೆಟ್ಟಿಗೆಯಷ್ಟರಲ್ಲಿ ಬಂದು ಕೂತಿವೆ. ಅವನ್ನು ಕೊಳ್ಳಲು ಬರುವವರು ಹೆಚ್ಚಾಗಿ ನನ್ನ ವಯಸ್ಸಿನ ಗಂಡಸರು. ಮಗನಿಗೆ ಎಂದು ಸುಳ್ಳು ಹೇಳಿ ಒಯ್ಯುತ್ತಾರೆ. ಸುಳ್ಳು ಹೇಳದೆ, ನೇರವಾಗಿ "ನಂಗೇ ಬೇಕು" ಎಂದು ಕೇಳಿದ ಮೊದಲ ಗಿರಾಕಿ ನಮ್ಮತ್ತೆ.

ಕಾರಣ ಇಷ್ಟು. ಹೋದ ವರ್ಷ ಅತ್ತೆಗೆ ಸಣ್ಣಗೆ ಲಕ್ವ ಹೊಡೆಯಿತು. ಮಾತು ಉಳಿಯಿತು (ಅದು ಹೋಗುವಂಥದ್ದೇ ಅಲ್ಲ!), ನಡಿಗೆ ಉಳಿಯಿತು, ಬಲಗೈ ಹೆಬ್ಬೆರಳು ಮಾತ್ರ ಸತ್ಯಾಗ್ರಹಕ್ಕೆ ಕೂತುಬಿಟ್ಟಿತು. ಬೇರೆ ಯಾರಿಗಾದರೂ ಆಗಿದ್ದರೆ ಅದೊಂದು ಬೆರಳು. ಬಳೆ ತೊಡಿಸುವವಳಿಗೆ ಅದೇ ಬದುಕು. ಎದುರಿಗೆ ಕೂತವಳ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಹಿಡಿದು, ಕೈ ಮೆತ್ತಗಾದ ಆ ಗಳಿಗೆಯಲ್ಲಿ ಗಾಜಿನ ಬಳೆಯನ್ನು ಜಾರಿಸಬೇಕು. ಹೆಚ್ಚು ಒತ್ತಿದರೆ ಅವಳು ಚೀರುತ್ತಾಳೆ, ಕಡಿಮೆ ಒತ್ತಿದರೆ ಬಳೆ ಚೂರಾಗುತ್ತದೆ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಮದುವೆಗೆ, ಸೀಮಂತಕ್ಕೆ ಬಳೆ ತೊಡಿಸಿದ ಕೈ ಅದು. ಅಷ್ಟರಲ್ಲಿ ಹೊಳಲ್ಕೆರೆಯಿಂದ ನನ್ನ ತಂಗಿ ಬಸುರಿಯಾದ ಸುದ್ದಿ ಬಂತು. ಅತ್ತೆ ಹಾಸಿಗೆಯಿಂದಲೇ ಘೋಷಿಸಿದಳು, "ಅದರ ಸೀಮಂತಕ್ಕೆ ಹಸಿರು ಬಳೆ ನಾನೇ ತೊಡ್ಸೋದು. ಬ್ಯಾರೆ ಯಾರಾದ್ರೂ ಕೈ ಮುಟ್ಟಿದ್ರೆ ನೋಡ್ರಿ!"

ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಎಂದಿದ್ದರು. ಅತ್ತೆ ಅದನ್ನು ಎರಡು ದಿನ ಹಿಸುಕಿ ಮೂರನೆಯ ದಿನ ನಾಯಿಗೆ ಎಸೆದಳು.

"ಯಾಕತ್ತೆ?"

"ಅದು ಏನ್ ಮಾಡಿದ್ರೂ ಹೂಂ ಅಂತೈತೆ ಕಣೋ. ಎದುರಾಡಲ್ಲ."

"ನನ್ನಂಗೆ," ಅಂದರು ಮಾವ ಮೂಲೆಯಿಂದ.

ಹಾಗಾದರೆ ಮೊಬೈಲಿನಲ್ಲಿ ಆಟ ಆಡು, ಬೆರಳಿಗೆ ಕೆಲಸ ಸಿಗುತ್ತದೆ ಎಂದೆ. ಆಡಿದಳು. ಅದಕ್ಕೂ ಅದೇ ದೂರು. ಗಾಜಿನ ಮೇಲೆ ಬೆರಳು ಸವರಿದರೆ ಒತ್ತಿದ್ದು ಎಲ್ಲಿ, ಒತ್ತದೆ ಇದ್ದದ್ದು ಎಲ್ಲಿ ತಿಳಿಯುವುದಿಲ್ಲವಂತೆ. ಜತೆಗೆ ಆಟ ರಂಗೇರುವ ಹೊತ್ತಿಗೇ ಸಾಲ ಬೇಕೇ ಎಂದು ಯಾರೋ ಫೋನು ಮಾಡುತ್ತಾರೆ! ಹೀಗೆ ಬೇಸತ್ತು ಒಂದು ದಿನ ಮಾವನನ್ನು ಕರೆದುಕೊಂಡು ಬಸ್ಸು ಹತ್ತಿ ಸೀದಾ ನನ್ನ ಅಂಗಡಿಗೆ ಬಂದಳು. ಶೋಕೇಸಿನಲ್ಲಿದ್ದ ಗೇಮ್ ಡಬ್ಬಿಗಳನ್ನು ನೋಡಿ, "ಇವು ಗುಂಡಿ ಇರೋವಾ? ತೆಗಿ," ಅಂದಳು.

ಮೂರು ಬಗೆ ಇದ್ದವು. ಅಡ್ಡಡ್ಡ ಅಗಲವಾದದ್ದು, ನೆಟ್ಟಗೆ ನಿಂತದ್ದು, ಕನ್ನಡಿ ಡಬ್ಬಿಯ ಹಾಗೆ ಮಡಚುವುದು. ನಾನು ವ್ಯಾಪಾರಿಯ ಗತ್ತಿನಲ್ಲಿ ಬ್ಯಾಟರಿ, ಮೆಮೊರಿ, ಸಾವಿರಾರು ಆಟ ಎಂದು ಶುರು ಮಾಡಿದೆ. ಅವಳು ನನ್ನ ಮಾತು ಕೇಳಿದರೆ ತಾನೇ? ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈಯಲ್ಲಿಟ್ಟು, ಬಳೆ ತೊಡಿಸುವ ಮೊದಲು ಹೆಂಗಸರ ಕೈಯನ್ನು ಹೇಗೆ ಒತ್ತಿ ಅಳತೆ ನೋಡುತ್ತಾಳೋ ಹಾಗೆಯೇ ಒತ್ತಿ ನೋಡಿದಳು.

"ಇದು ಕಣದಾಗೆ ದುಡಿದ ಕೈ," ಅಂದಳು ಅಗಲದ್ದನ್ನು ಹಿಡಿದು. "ಹಿಡಿಯಾಕೆ ಹಿತ ಐತೆ, ಎಷ್ಟೊತ್ತು ಬೇಕಾದ್ರೂ ಆಡಬೋದು. ಆದ್ರೆ ಚೀಲ ತುಂಬಾ ಇದೇ ಆಗ್ತೈತೆ." ಮಡಚುವುದನ್ನು ತೆಗೆದು ಮುಚ್ಚಿ, ಮತ್ತೆ ತೆಗೆದಳು. "ಇದು ಮುನಿಸ್ಕಂಡ ಸೊಸೆ ಕೈ. ಮುಖ ಮುಚ್ಕಂಡಿರ್ತಾಳೆ, ಹಂಗಾಗಿ ಗೀರು ಬೀಳಲ್ಲ, ಅದು ಒಳ್ಳೇದೇ. ಆದ್ರೆ ಈ ಕೀಲು ಬಾಳ ದಿನ ಬಾಳಲ್ಲ ನೋಡು." ನಿಂತದ್ದನ್ನು ಮಾತ್ರ ಮತ್ತೆ ಮತ್ತೆ ಒತ್ತಿ ನೋಡಿದಳು. "ಇದು ಹೈಸ್ಕೂಲ್ ಹುಡುಗಿ ಕೈ. ಪರದೆ ಚಿಕ್ಕದು, ಕನ್ನಡಕ ಬೇಕೇ ಬೇಕು. ಬೆರಳಿಗೆ ಬ್ಯಾಗನೆ ನೋವು ಬರ್ತೈತೆ. ಆದ್ರೆ ಗುಂಡಿ ಎದುರಾಡ್ತೈತೆ ಕಣೋ! ನಾ ಒತ್ತಿದ್ರೆ ಅದೂ ಒತ್ತತೈತೆ."

"ನೋವು ಬರೋದನ್ನ ಯಾಕೆ ತಗಂತೀಯಾ?" ಅಂದರು ಮಾವ.

"ಬರ್ಲಿ ಅಂತಲೇ ರೀ. ಈ ಬೆರಳಿಗೆ ನೋವು ಬಂದು ಎಷ್ಟು ದಿನ ಆಯ್ತು!"

ಇಷ್ಟು ವರ್ಷ ಇವನ್ನು ಮಾರುತ್ತಿದ್ದೇನೆ, ಯಾವ ಗಿರಾಕಿಯೂ ಹೀಗೆ ಗುಣದೋಷ ತೂಗಿ ಹೇಳಿದ್ದಿಲ್ಲ. ಯೂಟ್ಯೂಬಿನಲ್ಲಿ ಕೂತು ಗಂಟೆಗಟ್ಟಲೆ ಮಾತಾಡುವವರು ನಮ್ಮತ್ತೆಯ ಮುಂದೆ ಕೈ ಕಟ್ಟಿ ಕೂರಬೇಕು!

ತೊಂದರೆ ಶುರುವಾದದ್ದು ಆ ನಿಂತದ್ದನ್ನು ಕೊಂಡುಹೋದ ಮೇಲೆ. ಇವನ್ನು ಜೇಬಿನ ಗಾತ್ರದವು ಎಂದು ಹೇಳಿ ಮಾರುತ್ತೇವಲ್ಲ, ಸೀರೆಯಲ್ಲಿ ಜೇಬು ಎಲ್ಲಿದೆ? ಅತ್ತೆ ನನಗೇ ಫೋನು ಮಾಡಿ ದಬಾಯಿಸಿದಳು. "ಅರ್ಧ ಲೋಕಕ್ಕೆ ಜೇಬೇ ಇಲ್ಲ, ಯಾವ ತಲೆ ಇರೋನು ಇದನ್ನ ಮಾಡಿದ್ದು?" ಕೊನೆಗೆ ಎಲೆ ಅಡಿಕೆಯ ಸಂಚಿಯಲ್ಲಿ ಡಬ್ಬಿಗೆ ಜಾಗವಾಯಿತು. ಒಂದೇ ವಾರಕ್ಕೆ ಗುಂಡಿಗಳ ಸಂದಿಯಲ್ಲಿ ಸುಣ್ಣ ಮೆತ್ತಿಕೊಂಡು ರಿಪೇರಿಗೆ ನನ್ನಲ್ಲಿಗೇ ಬಂತು. ಗ್ಯಾರಂಟಿ ಕೇಳಿದಳು. ಸುಣ್ಣಕ್ಕೆ ಗ್ಯಾರಂಟಿ ಕೊಡುವ ಕಂಪನಿ ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂದೆ.

ಅದರಲ್ಲಿದ್ದ ಸಾವಿರಾರು ಆಟಗಳಲ್ಲಿ ಅವಳು ಮೆಚ್ಚಿದ್ದು ಒಂದನ್ನೇ, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಆಟ. ಸಾಲು ತುಂಬಿದರೆ ಅದು ಮಾಯವಾಗುತ್ತದೆ, ನಮಗೆ ಅಂಕ ಬರುತ್ತದೆ. ಮೊದಲ ಸಾಲು ಮಾಯವಾದಾಗ ಅತ್ತೆ ಹೌಹಾರಿದಳು. ಜೋಡಿಸಿಟ್ಟ ಮಾಲು ಕಣ್ಣೆದುರೇ ಕಾಣೆಯಾದರೆ ಯಾವ ಬಳೆ ಅಂಗಡಿಯವಳು ತಾನೇ ಸಹಿಸಿಯಾಳು? ಅಂದಿನಿಂದ ಪ್ರತಿ ಸಾಲಿನಲ್ಲೂ ಬೇಕೆಂದೇ ಒಂದು ಸಂದಿ ಬಿಟ್ಟು ಆಡಲು ಶುರು ಮಾಡಿದಳು. ಏನೂ ಮಾಯವಾಗದು, ಅಂಕವೂ ಬಾರದು! ಪರದೆ ತುಂಬಿ ಆಟ ಮುಗಿದಾಗ ಹೆಮ್ಮೆಯಿಂದ ಮಾವನಿಗೆ ತೋರಿಸುತ್ತಿದ್ದಳು, "ನೋಡ್ರಿ, ಕಪಾಟು ತುಂಬೈತೆ."

ಇನ್ನು ಹಾಲುರಾಮೇಶ್ವರ ದೇವಸ್ಥಾನದ ಕತೆ ಕೇಳಿ. ಅಲ್ಲಿ ಗಂಗೆಯ ಹೊಂಡದ ಮುಂದೆ ಮನಸ್ಸಿನಲ್ಲಿದ್ದುದನ್ನು ಬೇಡಿಕೊಂಡು, ನೀರಿನಲ್ಲಿ ಪ್ರಸಾದ ತೇಲಿ ಬರುವುದನ್ನು ಕಾಯುತ್ತಾರೆ. ಅತ್ತೆಯೂ ಕೈ ಮುಗಿದು ನಿಂತಿದ್ದಳು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಆಗ ಸಂಚಿಯೊಳಗಿಂದ ಟಿಣಿ ಟಿಣಿ ಎಂದು ಆಟದ ಸಂಗೀತ! ಪಕ್ಕದಲ್ಲಿದ್ದ ಅಜ್ಜಿ ಗಾಬರಿಯಾಗಿ, "ಏನವ್ವ ಅದು?" ಅಂದಳು. ಅತ್ತೆ ಕಣ್ಣು ತೆರೆಯದೆ, "ನಂದು ಮದ್ಲೇ ಬಂತು ಕಣಜ್ಜಿ," ಅಂದಳಂತೆ. ಸಂಜೆ ನನಗೆ ಫೋನು ಬಂತು. ಸೌಂಡಿನ ಗಾಲಿ ತೀರಾ ಸಡಿಲ, ಚೀಲದೊಳಗೆ ತಾನಾಗಿಯೇ ತಿರುಗುತ್ತದೆ, ಇದನ್ನೂ ದೋಷದ ಕಡೆ ಹಾಕಿಕೋ ಎಂದಳು.

ನಗುನಗುತ್ತಲೇ ತಿಂಗಳುಗಳು ಕಳೆದವು. ಅವಳ ಬೆರಳು ಎಷ್ಟು ಚೇತರಿಸಿತು ಎಂದು ಕೇಳುವ ಧೈರ್ಯ ಮಾತ್ರ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವಳೂ ಯಾರ ಕೈಯನ್ನೂ ಹಿಡಿದು ನೋಡಲಿಲ್ಲ. ಸೀಮಂತದ ದಿನ ನಮ್ಮಮ್ಮ ಮುನ್ನೆಚ್ಚರಿಕೆಗೆಂದು ಹೊಳಲ್ಕೆರೆಯ ಇನ್ನೊಬ್ಬ ಬಳೆಯಮ್ಮನನ್ನು ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದಳು. ಅತ್ತೆಯ ಕಣ್ಣು ತಪ್ಪಿಸುವುದುಂಟೇ? "ಬಂದಿದೀಯ, ಊಟ ಮಾಡ್ಕಂಡು ಹೋಗು ತಾಯಿ," ಎಂದು ಅವಳನ್ನು ಸಾಗಹಾಕಿ, ತಂಗಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

ಏಳು ತಿಂಗಳ ಬಸುರಿಯ ಕೈ ಊದಿಕೊಂಡಿತ್ತು. ಅತ್ತೆ ಅದನ್ನು ಹಿಡಿದು ಒತ್ತಿ ಮೊದಲ ಬಳೆಯನ್ನು ಏರಿಸಿದಳು. ಗೆಣ್ಣಿನ ಹತ್ತಿರ ಬಂದು ಚಟ್ ಎಂದಿತು. ಬಳೆ ಒಡೆಯಿತು ಎಂದು ನಮ್ಮಲ್ಲಿ ಬಾಯಿ ಬಿಟ್ಟು ಹೇಳುವುದಿಲ್ಲ. "ಹೆಚ್ಚಾಯ್ತು ಬಿಡ್ರಿ. ಇನ್ನೊಂದು ಕೊಡ್ರಿ," ಅಂದಳು ಅತ್ತೆ. ಅವಳ ಹಣೆಯಲ್ಲಿ ಬೆವರು. ಕಣ್ಣು ಮುಚ್ಚಿದಳು. ಹೆಬ್ಬೆರಳು ನಿಧಾನವಾಗಿ ತಂಗಿಯ ಅಂಗೈಯೊಳಕ್ಕೆ ಇಳಿಯಿತು, ಅಲ್ಲೇ ಸ್ವಲ್ಪ ಹೊತ್ತು ತಡೆಯಿತು, ಒತ್ತಿತು. ಬಳೆ ಜಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎರಡೂ ಕೈ ತುಂಬುವವರೆಗೆ ಮತ್ತೆ ಆ ಸದ್ದು ಕೇಳಲಿಲ್ಲ. ನನಗೆ ಆದ ಹೆಮ್ಮೆಯನ್ನು ಏನೆಂದು ಹೇಳಲಿ? ಅಷ್ಟು ಜನರ ಮಧ್ಯೆ ಎದ್ದು ನಿಂತು, ಇವಳು ನಮ್ಮತ್ತೆ ಎಂದು ಕೂಗಬೇಕು ಅನಿಸಿತು. ಮಾವ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಸೆಖೆ ಸೆಖೆ ಎಂದು ಹೊರಗೆ ಹೋದರು.

ಊಟದ ಪಂಕ್ತಿಯಲ್ಲಿ ನಾನು ಪಲ್ಯ ಬಡಿಸುತ್ತಿದ್ದಾಗ ಅತ್ತೆ ಬಂದಳು.

"ಲೇ, ಬಕೆಟ್ ಕೆಳಗಿಡು. ಕೈ ಕೊಡಿಲ್ಲಿ."

ಊರಿನ ಹೆಣ್ಣುಮಕ್ಕಳ ಕೈಯನ್ನೆಲ್ಲ ಹಿಡಿದವಳು ನನ್ನ ಕೈಯನ್ನು ಎಂದೂ ಹಿಡಿದಿರಲಿಲ್ಲ. ಗಂಡು ಹುಡುಗ, ನನಗೇಕೆ ಬಳೆ? ಈಗ ನನ್ನ ಹೆಬ್ಬೆರಳನ್ನು ಮಡಿಸಿ, ಗೆಣ್ಣುಗಳನ್ನು ಒಂದಕ್ಕೊಂದು ಕೂಡಿಸಿ, ತನ್ನ ಬಲಗೈ ಹೆಬ್ಬೆರಳಿನಿಂದ ಇದ್ದ ಬಲವನ್ನೆಲ್ಲ ಹಾಕಿ ಒತ್ತಿದಳು. ನನ್ನ ಕಣ್ಣಲ್ಲಿ ನೀರು ಬಂತು.

"ನೋವಾಯ್ತಾ?" ಅಂದಳು, ಪರೀಕ್ಷೆ ಬರೆದ ಮಗುವಿನ ಮುಖ ಮಾಡಿಕೊಂಡು.

"ಬಾಳ ನೋವಾಯ್ತತ್ತೆ," ಅಂದೆ. "ಬಿಡಬ್ಯಾಡ."