ಯಾವ ಕಂಪನಿಯೂ ಮಾಡದ ಕಾಡತೂಸು

ಇದ್ದದ್ದನ್ನು ಇದ್ದ ಹಾಗೆ ಬಿಡಲಾರದ ರೋಗವೊಂದಿದೆ. ಡಾಕ್ಟರುಗಳ ಪುಸ್ತಕದಲ್ಲಿ ಅದಕ್ಕೆ ಹೆಸರಿದೆಯೋ ಇಲ್ಲವೋ ನನಗೆ ತಿಳಿಯದು. ಲೇತ್ ಮಶಿನ್ನಿನ ಮುಂದೆ ಹತ್ತು ವರ್ಷ ನಿಂತವರಿಗೆಲ್ಲ ಅದು ತಗಲಿಕೊಂಡೇ ಇರುತ್ತದೆ. ನಾನು ನಿಂತದ್ದು ಮೂವತ್ತೈದು ವರ್ಷ, ದಾಂಡೇಲಿಯ ಪೇಪರ್ ಮಿಲ್ಲಿನ ವರ್ಕ್‌ಶಾಪಿನಲ್ಲಿ. ನಿವೃತ್ತನಾಗಿ ಹಳಿಯಾಳದಲ್ಲಿ ಮನೆ ಮಾಡಿದ ಮೇಲೆ ರೋಗ ಇಳಿಯಬೇಕಿತ್ತು, ಏರಿತು. ಎಡಕ್ಕೆ ತಿರುಗುತ್ತಿದ್ದ ಬಾಗಿಲ ಚಿಲಕವನ್ನು ಬಲಕ್ಕೆ ತಿರುಗುವಂತೆ ಮಾಡಿದೆ. ಅಂದಿನಿಂದ ನಮ್ಮ ಮನೆಗೆ ಬಂದ ನೆಂಟರು ಹೊರಗೆ ಹೋಗಲಾಗದೆ ಒಳಗಿನಿಂದಲೇ ನನ್ನನ್ನು ಕೂಗುತ್ತಾರೆ.

ಆದರೆ ನನ್ನ ಕೈಯ ಅಸಲಿ ಕೆಲಸವೆಂದರೆ ಚಕ್ಕಲಿ ಒತ್ತುವ ಅಚ್ಚು. ಪೂರಾ ಹಿತ್ತಾಳೆಯದು, ಎತ್ತಿದರೆ ಮೂರು ಕಿಲೋ ತೂಗುತ್ತದೆ. ಪೇಟೆಯ ಅಚ್ಚುಗಳ ತಿರುಪಿನ ಎಳೆ ಬಹಳ ಒರಟು ಎಂದು ನಾನು ಸಣ್ಣ ಎಳೆ ಹಾಕಿದ್ದೇನೆ. ಹಿಡಿಕೆಯನ್ನು ನಲವತ್ತು ಸುತ್ತು ತಿರುಗಿಸಿದರೆ ಹಿಟ್ಟು ರೇಷ್ಮೆ ನೂಲಿನಂತೆ ಇಳಿಯುತ್ತದೆ. ಪೇಟೆಯ ಅಳತೆ ಬೇಡವೆಂದು ಒಳಗಿನ ಸುತ್ತಳತೆಯನ್ನೂ ನನ್ನ ಲೆಕ್ಕದಂತೆ ಮೂರು ಮಿಲಿಮೀಟರ್ ಹೆಚ್ಚಿಗೆ ಇಟ್ಟೆ. ಇದನ್ನು ಊರಿಗೆಲ್ಲ ಹಂಚೋಣವೆಂದು ಒಮ್ಮೆ ಹಳಿಯಾಳದ ಪಾತ್ರೆ ಅಂಗಡಿಯವನಿಗೆ ತೋರಿಸಿದ್ದೆ. ಅವನು ತಿರುಗಿಸಿ ಮುರುಗಿಸಿ ನೋಡಿ, ತನ್ನಲ್ಲಿರುವ ಬಿಲ್ಲೆಗಳು ಇದಕ್ಕೆ ಕೂರುವುದಿಲ್ಲವಲ್ಲ, ಒಂದು ಬಿಲ್ಲೆ ಕಳೆದರೆ ಏನು ಗತಿ ಎಂದು ಕೇಳಿದ. ನನ್ನ ಹತ್ತಿರ ಬರಲಿ, ಮಾಡಿಕೊಡುತ್ತೇನೆ ಎಂದೆ. ನೀವು ಸತ್ತರೆ ಎಂದು ಕೇಳಿದ. ನಾನು ಅಚ್ಚನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಆಮೇಲೆ ಅವನ ಅಂಗಡಿಯಲ್ಲಿ ಒಂದು ಚಮಚವನ್ನೂ ಕೊಂಡಿಲ್ಲ.

ಹದಿನೆಂಟು ದೀಪಾವಳಿಗಳಿಂದ ನಮ್ಮ ಮನೆಯ ಚಕ್ಕಲಿ ಈ ಅಚ್ಚಿನದೇ. ಒತ್ತುವುದನ್ನು ನಾನು ಕಣ್ಣಾರೆ ಕಂಡಿಲ್ಲ, ಯಾಕೆಂದರೆ ಎಣ್ಣೆ ಇಟ್ಟಾಗ ಬೇರೆಯವರು ನೋಡಿದರೆ ಚಕ್ಕಲಿ ಎಣ್ಣೆ ಕುಡಿಯುತ್ತವೆ ಎಂದು ನನ್ನ ಹೆಂಡತಿ ಮಾದೇವಿ ಆ ದಿನ ನನ್ನನ್ನು ಹೊರಗೆ ಕಳಿಸಿಬಿಡುತ್ತಾಳೆ. ಸಂಜೆ ಬಂದು ನೋಡಿದರೆ ಡಬ್ಬಿ ತುಂಬ ಚಕ್ಕಲಿ, ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಅಚ್ಚು. ನೋಡಿದ ಕಣ್ಣು ತಂಪಾಗುತ್ತದೆ.

ಈಗ ಬಂದೂಕಿನ ಮಾತಿಗೆ ಬರುತ್ತೇನೆ. ಮಾದೇವಿಯ ತಂದೆ, ನನ್ನ ಮಾವ ಚನ್ನಬಸಪ್ಪನವರು, ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನ ರೈತರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೆ ಒಲೆ ತೊಳೆಸುವ ಮನುಷ್ಯ. ಇಂಥವರ ಕೋಣೆಯಲ್ಲಿ ಒಂದು ಬೇಟೆಯ ರೈಫಲ್ ತೂಗುತ್ತಿತ್ತು. ಭತ್ತಕ್ಕೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಗದ್ದೆಗೆ ಇಳಿಯುತ್ತವೆ. ಮಾವನವರು ಬದುವಿನ ಮೇಲೆ ನಿಂತು ತಲೆಯ ಮೇಲಿಂದ ಒಂದು ಗುಂಡು ಹಾರಿಸಿದರೆ ಹಂದಿಗಳು ಜೋಯಿಡಾದ ಕಾಡು ಮುಟ್ಟುವ ತನಕ ನಿಲ್ಲುತ್ತಿರಲಿಲ್ಲವಂತೆ. ಊರಿನವರು ಅವರನ್ನು ಬಂದೂಕಿನ ಚನ್ನಬಸಪ್ಪ ಎಂದೇ ಕರೆಯುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಕಾಯಿದೆಯ ಪ್ರಕಾರ ಬಂದೂಕನ್ನು ಹುಬ್ಬಳ್ಳಿಯ ಲೈಸೆನ್ಸ್‌ದಾರ ಅಂಗಡಿಯಲ್ಲಿ ಇಟ್ಟೆವು. ವಾರಸುದಾರರು ಗಡುವಿನೊಳಗೆ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸದಿದ್ದರೆ ಅದು ಸರಕಾರಕ್ಕೆ ಹೋಗುತ್ತದೆ, ಆಮೇಲೆ ಗುಜರಿ. ಹೊಲ ನೋಡಿಕೊಳ್ಳುವ ಮಾದೇವಿಯ ತಮ್ಮಂದಿರು, ಅವರ ಮಕ್ಕಳು ಯಾರಿಗೂ ಅದು ಬೇಡವಾಗಿತ್ತು. ಮಾದೇವಿಗೆ ಬೇಕಾಗಿತ್ತು.

ನಾನು ಬೇಡವೆಂದೆ. ಹಲ್ಲಿಗೆ ಹೆದರುವವಳಿಗೆ ರೈಫಲ್ ಯಾಕೆ ಎಂದೆ. ಅವಳು ತಂದೆಯ ಆಸ್ತಿಯಲ್ಲಿ ಒಂದು ಗುಂಟೆ ಜಾಗವನ್ನೂ ಕೇಳಿದವಳಲ್ಲ. "ಅಪ್ಪನ ಮನಿಯಿಂದ ನಾ ಕೇಳಿದ್ದು ಇದೊಂದ ರೀ. ಗುಜರಿಗೆ ಹೋಗಾಕ ಬಿಡಬ್ಯಾಡ್ರಿ" ಎಂದು ನನ್ನ ಕೈ ಹಿಡಿದುಕೊಂಡಳು. ನಮ್ಮ ಸಂಸಾರದಲ್ಲಿ ಅವಳು ಹಾಗೆ ಕೈ ಹಿಡಿದದ್ದು ಎರಡನೆಯ ಸಲ; ಮೊದಲನೆಯದು ಮದುವೆಯಲ್ಲಿ, ಅದೂ ಅಯ್ಯನವರು ಹೇಳಿದ್ದಕ್ಕೆ.

ಅರ್ಜಿ ತುಂಬಲು ಕಂಪ್ಯೂಟರ್ ಸೆಂಟರಿಗೆ ಹೋದೆವು. ಅಲ್ಲಿನ ಹುಡುಗಿ ಹೆಸರು, ಊರು, ಆಧಾರ್ ಎಲ್ಲ ಬಡಿದು, ಯಾವ ಬೋರಿನ ಬಂದೂಕು, ಅಂದರೆ ನಳಿಗೆಯ ತೂತಿನ ಅಳತೆ ಯಾವುದು, ಎಂಬಲ್ಲಿ ನಿಂತಳು. ಮಾವನವರ ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಆ ಕಾಲದ ಗುಮಾಸ್ತ 'ನಳಿಗೆಯ ಮೇಲೆ ಇದ್ದಂತೆ' ಎಂದು ಬರೆದು ಕೈ ತೊಳೆದುಕೊಂಡಿದ್ದ. ನಳಿಗೆಯ ಮೇಲೆ ಇದ್ದದ್ದು ಎರಡು ಇಂಗ್ಲಿಷ್ ಅಕ್ಷರ ಮತ್ತು ಒಂದು ಅಂಕಿ. ಹುಡುಗಿಯ ಪಟ್ಟಿಯಲ್ಲಿ ಜಗತ್ತಿನ ಬೋರುಗಳೆಲ್ಲ ಇದ್ದವು, ನಮ್ಮದು ಇರಲಿಲ್ಲ. ಕೊನೆಗೆ 'ಇತರೆ' ಎಂಬುದು ಒಂದು ಇದೆ, ಆದರೆ ಅದನ್ನು ಒತ್ತಿದರೆ ಬಂದೂಕು ಇಟ್ಟ ಅಂಗಡಿಯವರ ಪತ್ರ ಕೇಳುತ್ತದೆ ಎಂದಳು. ದೀಪಾವಳಿಗೆ ಇನ್ನು ನಾಲ್ಕು ದಿನ ಇತ್ತು. ಹೇಗೂ ಚಕ್ಕಲಿ ಮಾಡುವ ದಿನ ಮನೆಯಲ್ಲಿ ನನಗೆ ಜಾಗವಿಲ್ಲ. ಆ ದಿನ ಮುಂಜಾನೆಯೇ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅಂಗಡಿಯವರು ಪತ್ರ ಕೊಡದಿದ್ದರೆ ಪೀಡೆ ತೊಲಗಿತು ಎಂಬ ಆಸೆಯೂ ಒಳಗೊಳಗೆ ಇತ್ತು, ಸುಳ್ಳೇಕೆ ಹೇಳಲಿ.

ಅಂಗಡಿಯ ಹಸನ್‌ಸಾಬರು ಎಂಬತ್ತರ ಹತ್ತಿರದವರು. ರೈಫಲ್ಲನ್ನು ತಂದು ಮೇಜಿನ ಮೇಲೆ ಮಲಗಿಸಿ, ಪಕ್ಕಕ್ಕೆ ಒಂದು ಕುಂಕುಮದ ಡಬ್ಬಿ ಇಟ್ಟರು. ಡಬ್ಬಿಯಲ್ಲಿ ಐದು ಕಾಡತೂಸುಗಳಿದ್ದವು, ಪ್ರತಿಯೊಂದಕ್ಕೂ ವಿಭೂತಿ. ಮಾವನವರು ವರ್ಷವರ್ಷ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಹಚ್ಚಿದ್ದು. ಹಸನ್‌ಸಾಬರು ತಮ್ಮ ಪೆಟ್ಟಿಗೆಯಿಂದ ಇನ್ನೊಂದು ಕಾಡತೂಸು ತೆಗೆದು ಪಕ್ಕದಲ್ಲಿ ನಿಲ್ಲಿಸಿದರು. ಅದು ಮುನ್ನೂರ ಹದಿನೈದು ಬೋರಿನದು, ನಮ್ಮ ದೇಶದ ಕಾರ್ಖಾನೆಯಲ್ಲೇ ಆಗುತ್ತದೆ, ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ನಮ್ಮದರ ಹೊಟ್ಟೆ ಡೊಳ್ಳು, ಕುತ್ತಿಗೆ ಸಪೂರ. ಅವರು ಹೇಳಿದ ಪ್ರಕಾರ, ಹಿಂದೆ ಅಂಬಿಕಾನಗರದಲ್ಲಿ ವಿದ್ಯುತ್ ಯೋಜನೆಯ ಕಾಲೊನಿ ಏಳುತ್ತಿದ್ದಾಗ ಅಲ್ಲಿ ಬೇಟೆಯ ಹುಚ್ಚಿನ ಒಬ್ಬ ಇಂಜಿನಿಯರ್ ಸಾಹೇಬ ಇದ್ದನಂತೆ. ದೊಡ್ಡದೊಂದು ಕಾಡತೂಸಿನ ಕುತ್ತಿಗೆ ಹಿಸುಕಿ, ಅದಕ್ಕೆ ಸಣ್ಣ ಗುಂಡು ಕೂಡಿಸಿ, ತನ್ನದೇ ಒಂದು ಅಳತೆ ಮಾಡಿ, ಅದಕ್ಕೆ ತಕ್ಕ ನಳಿಗೆಯನ್ನೂ ಕೊರೆಯಿಸಿಕೊಂಡ. ಅಕ್ಷರಗಳು ಅವನ ಹೆಸರಿನವು. ಇಂಥವನ್ನು ಇಂಗ್ಲಿಷಿನಲ್ಲಿ ವೈಲ್ಡ್‌ಕ್ಯಾಟ್ ಎನ್ನುತ್ತಾರೆ, ಕಾಡುಬೆಕ್ಕು. ಕಂಪನಿಯ ಮನೆಯಲ್ಲಿ ಹುಟ್ಟಿದ್ದಲ್ಲ. ಬೇಟೆ ಬಂದಾದ ಮೇಲೆ ಸಾಹೇಬ ವರ್ಗವಾಗಿ ಹೋಗುವಾಗ ಯಾರೂ ಇದನ್ನು ಕೊಳ್ಳಲಿಲ್ಲ. ಕ್ಯಾಂಪಿಗೆ ಅಕ್ಕಿ ಹಾಕುತ್ತಿದ್ದ ನಮ್ಮ ಮಾವ ಕೊಂಡರು. ಒಂದಿಲ್ಲೊಂದು ದಿನ ಕಂಪನಿಯವರು ಈ ಕಾಡತೂಸು ಮಾಡಿಯೇ ಮಾಡುತ್ತಾರೆ ಎಂದು ಸಾಹೇಬ ಮಾತು ಕೊಟ್ಟಿದ್ದನಂತೆ. ಲೈಸೆನ್ಸ್ ನವೀಕರಣಕ್ಕೆ ಬಂದಾಗಲೆಲ್ಲ ಮಾವನವರು ಈ ಅಂಗಡಿಗೆ ಬಂದು, ಕಂಪನಿಯವರು ಶುರು ಮಾಡಿದರೇ ಎಂದು ಕೇಳಿ, ಚಹಾ ಕುಡಿದು ಹೋಗುತ್ತಿದ್ದರು.

ನನಗೆ ಕುತೂಹಲ ಕೆರಳಿತು. ಅಷ್ಟು ಚೆನ್ನಾಗಿದ್ದರೆ ಕಂಪನಿಯವರು ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಹಸನ್‌ಸಾಬರಿಗೆ ಈ ಪ್ರಶ್ನೆ ಕೇಳುವವರು ಬಹಳ ದಿನದಿಂದ ಸಿಕ್ಕಿರಲಿಲ್ಲವೆಂದು ಕಾಣುತ್ತದೆ, ಚಹಾ ತರಿಸಿದರು. ಮೊದಲ ತೊಂದರೆಯೆಂದರೆ ಇಂಥ ಬಂದೂಕುಗಳು ನಾಲ್ಕು ಮಂದಿಯ ಹತ್ತಿರ ಇಲ್ಲದೆ ಕಾಡತೂಸಿನ ಕಂಪನಿಯವರು ಮಶಿನ್ ಹೂಡುವುದಿಲ್ಲ, ಕಾಡತೂಸು ಸಿಗದೆ ಬಂದೂಕಿನ ಕಂಪನಿಯವರು ನಳಿಗೆ ಕೊರೆಯುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಎರಡನೆಯದು, ಸಾಹೇಬ ತನ್ನ ಒಂದು ನಳಿಗೆಗೆ ಹೊಂದುವಂತೆ ಒಂದೊಂದಾಗಿ ಕೂತು ಮಾಡಿದ. ಕಂಪನಿಯ ಮಾಲು ಹಾಗಲ್ಲ, ಕಂಡಕಂಡವರ ಹಳೆಯ, ಹೊಸ, ಸವೆದ ನಳಿಗೆಗಳಲ್ಲೆಲ್ಲ ಒಡೆಯದೆ ಹಾರಬೇಕು. ಒಬ್ಬನ ಕಣ್ಣು ಹೋದರೂ ಕಂಪನಿಯೇ ಉತ್ತರ ಕೊಡಬೇಕು. ಡೊಳ್ಳು ಹೊಟ್ಟೆಯ ಮದ್ದೆಲ್ಲ ಸಪೂರ ಕುತ್ತಿಗೆಯಿಂದ ನುಗ್ಗುವುದರಿಂದ ನಳಿಗೆ ಬೇಗ ಸವೆಯುತ್ತದೆ ಎಂಬುದು ಬೇರೆ. ನಮ್ಮಲ್ಲಂತೂ ಪರವಾನಗಿ ಇಲ್ಲದೆ ಮನೆಯಲ್ಲಿ ಕಾಡತೂಸು ತುಂಬುವ ಹಾಗೂ ಇಲ್ಲ. ಪರದೇಶಗಳಲ್ಲಿ ಕೆಲವು ಕಾಡುಬೆಕ್ಕುಗಳಿಗೆ ನಸೀಬು ತೆರೆದದ್ದಿದೆಯಂತೆ: ಸಾವಿರಾರು ಮಂದಿ ಹತ್ತಾರು ವರ್ಷ ತಾವೇ ಮಾಡಿಕೊಂಡು ಬಳಸಿದ ಮೇಲೆ ಕಂಪನಿಯವರು ಹೆಸರಿಟ್ಟು ಒಳಗೆ ಕರೆದುಕೊಂಡರು. ಒಬ್ಬನ ಕೈಯಲ್ಲೇ ಉಳಿದದ್ದು ಅವನ ಜೊತೆಗೇ ಹೋಗುತ್ತದೆ.

"ಎಲ್ಲಾದಕಿಂತ ದೊಡ್ಡ ಮಾತು ಒಂದೈತ್ರಿ," ಎಂದರು ಹಸನ್‌ಸಾಬರು. "ಇದು ಆ ಮುನ್ನೂರ ಹದಿನೈದಕಿಂತ ಒಂಚೂರು ಜಾಸ್ತಿ ಓಡತೈತಿ, ಖರೆ. ಆದರ ಹಂದಿಗೆ ಆ ಫರಕ್ ತಿಳಿಬೇಕಲ್ರಿ? ಫರಕ್ ತಿಳಿಯೂದು ಮಾಡಿದಂವಗ ಒಬ್ಬಗ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾಕೋ ಮೂರು ಮಿಲಿಮೀಟರ್ ನೆನಪಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಸಾಹೇಬನಿಗೆ ಅನ್ವಯಿಸಿ ಸಮಾಧಾನ ಮಾಡಿಕೊಂಡೆ.

ಹಸನ್‌ಸಾಬರು ನಳಿಗೆಯ ಅಳತೆ ತೆಗೆದು ಪತ್ರ ಬರೆಯುತ್ತಿದ್ದಾಗ ನಾನು ಮಾವನವರ ಲೈಸೆನ್ಸ್ ಪುಸ್ತಕ ತಿರುವಿದೆ. ಮೊದಲ ಪುಟದಲ್ಲಿ, ಬಂದೂಕಿನ ಜೊತೆ ಬಂದ ಕಾಡತೂಸು ಐದು ಎಂದಿತ್ತು. ಹಿಂದಿನ ಪುಟಗಳು ಆಮೇಲೆ ಕೊಂಡ ಕಾಡತೂಸುಗಳನ್ನು ನಮೂದಿಸಲು. ಅವು ಅಷ್ಟೂ ಖಾಲಿ. ಡಬ್ಬಿಯಲ್ಲಿ ಎಣಿಸಿದೆ, ಐದು. ಹಸನ್‌ಸಾಬರ ಮುಖ ನೋಡಿದೆ. "ಐದು ಬಂದಿದ್ದು, ಐದೂ ಅದಾವ. ನಿಮ್ಮ ಮಾವನೋರು ಭಾಳ ಒಳ್ಳೇ ಮನಶ್ಯಾರಿದ್ರು" ಎಂದಷ್ಟೇ ಹೇಳಿ ಪತ್ರವನ್ನು ನನ್ನ ಕಿಸೆಗೆ ಸೇರಿಸಿದರು.

ಬಸ್ಸಿನಲ್ಲಿ ಕಲಘಟಗಿ ದಾಟುವವರೆಗೂ ನನಗೆ ನಗು ತಡೆಯಲಾಗಲಿಲ್ಲ. ಬಂದೂಕಿನ ಚನ್ನಬಸಪ್ಪ ಆಯುಷ್ಯದಲ್ಲಿ ಒಂದು ಗುಂಡನ್ನೂ ಹಾರಿಸಿರಲಿಲ್ಲ! ಹಾಗಾದರೆ ಊರೆಲ್ಲ ಕೇಳುತ್ತಿದ್ದ ಆ ಢಂ ಎನ್ನುವ ಸದ್ದು ಎಲ್ಲಿಯದು? ಆಮೇಲೆ ನಗು ನಿಂತಿತು. ಈ ಮಾತು ಹೇಳಿದರೆ ಮಾದೇವಿ ಬಂದೂಕಿನ ಆಸೆ ಬಿಟ್ಟುಬಿಡುತ್ತಾಳೆ, ನನ್ನ ಓಡಾಟ ತಪ್ಪುತ್ತದೆ. ಆದರೆ ಅಪ್ಪನ ಗುಂಡಿನ ಕತೆ ಹೇಳುವಾಗ ಅವಳ ಮುಖ ಅರಳುವುದನ್ನು ನಾನು ನಲವತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ಸತ್ತವರ ಮರ್ಯಾದೆ ತೆಗೆದು ನನಗೇನು ಬರಬೇಕಾಗಿದೆ? ಹೇಳಬಾರದೆಂದು ಗಟ್ಟಿ ಮಾಡಿಕೊಂಡು ಬಸ್ಸಿಳಿದೆ. ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿ ಬಂದಿತ್ತು.

ಬೇಗನೆ ಬಸ್ಸು ಸಿಕ್ಕಿದ್ದರಿಂದ ಹೇಳಿದ್ದಕ್ಕಿಂತ ಎರಡು ತಾಸು ಮೊದಲೇ ಬಂದಿದ್ದೆ. ಮುಂಬಾಗಿಲ ಚಿಲಕ, ಅದೇ ನಾನು ಬಲಕ್ಕೆ ಮಾಡಿದ್ದು, ಒಳಗಿನಿಂದ ಹಾಕಿತ್ತು. ಹಿತ್ತಲಿನಿಂದ ಅಡಿಗೆಮನೆಗೆ ಹೋದೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಮಾದೇವಿ ಸರಸರನೆ ಚಕ್ಕಲಿ ಒತ್ತುತ್ತಿದ್ದಳು, ಪೇಟೆಯ ಒಂದು ಹಗೂರ ಸ್ಟೀಲಿನ ಅಚ್ಚಿನಿಂದ. ನನ್ನ ಹಿತ್ತಾಳೆಯ ಅಚ್ಚು ಹಿಟ್ಟು ಸೋಕದೆ, ತೊಳೆದು ಮುಗಿಸಿ, ಕಟ್ಟೆಯ ಮೇಲೆ ಆಗಲೇ ಬೋರಲು ಬಿದ್ದಿತ್ತು.

ನನಗೆ ಎಲ್ಲಿತ್ತೋ ಸಿಟ್ಟು. ಎಷ್ಟು ವರ್ಷದಿಂದ ಈ ನಾಟಕ ಎಂದು ಕೇಳಿದೆ. ಮೊದಲನೆಯ ವರ್ಷ ನಿಮ್ಮದರಲ್ಲೇ ಒತ್ತಿದೆ, ಹದಿನೈದು ದಿನ ಮುಂಗೈ ಎತ್ತಲಾಗಲಿಲ್ಲ, ಎರಡನೆಯ ವರ್ಷದಿಂದ ಇದು ಎಂದಳು, ಒಂದಿಷ್ಟೂ ಗಾಬರಿಯಿಲ್ಲದೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ದೊಡ್ಡತನವೆಲ್ಲ ಅಲ್ಲೇ ಕರಗಿ ಹೋಯಿತು. ನಿಮ್ಮಪ್ಪನ ಬಂಡವಾಳವೂ ಇವತ್ತು ಗೊತ್ತಾಯಿತು, ಐದು ಗುಂಡು ಬಂದಿದ್ದವು, ಐದೂ ಹಾಗೇ ಇವೆ, ಆ ಮನುಷ್ಯ ಜನ್ಮದಲ್ಲಿ ಒಂದು ಗುಂಡು ಹಾರಿಸಿಲ್ಲ ಎಂದುಬಿಟ್ಟೆ. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ.

ಅವಳು ಝಾರಿ ಸೌಟಿನಿಂದ ಚಕ್ಕಲಿ ತಿರುವಿ ಹಾಕಿದಳು.

"ನಂಗ ಗೊತ್ತಿಲ್ಲೇನ್ರಿ? ಪಟಾಕಿಗೆ ಬತ್ತಿ ಹಚ್ಚಾಕಿ ನಾನ ಇದ್ನಿ."

ಆಮೇಲೆ ಎಲ್ಲ ಹೇಳಿದಳು. ಐದು ಗುಂಡು ಮಾವನವರಿಗೆ ಐದು ತೊಲೆ ಬಂಗಾರವಿದ್ದಂತೆ. ಮೊದಲ ವರ್ಷ ಹಂದಿ ಬಂದಾಗ, ಇನ್ನೂ ದೊಡ್ಡದು ಬರಲಿ ಎಂದು ಕಾದರು. ದೊಡ್ಡದು ಬಂದಾಗ, ಮುಗಿದರೆ ಮತ್ತೆ ಸಿಗುವುದಿಲ್ಲವಲ್ಲ ಎಂದು ಕೈ ಬರಲಿಲ್ಲ. ಅಷ್ಟರಲ್ಲಿ ಊರು ಬಂದೂಕಿನವರೆಂದು ಹೆಸರಿಟ್ಟಿತ್ತು. ದೀಪಾವಳಿಯ ಆಟಂ ಬಾಂಬುಗಳನ್ನು ಅಕ್ಕಿಯ ಡಬ್ಬಿಯಲ್ಲಿ ಬೆಚ್ಚಗೆ ಇಟ್ಟು, ದೀಪ ಹಚ್ಚುವ ಹೊತ್ತಿಗೆ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಗದ್ದೆಗೆ ಹೋಗುತ್ತಿದ್ದರು. ಅವರು ಬದುವಿನ ಮೇಲೆ ರೈಫಲ್ ಏರಿಸಿ ನಿಲ್ಲುವುದು, ಇವಳು ಬಿದಿರಮೆಳೆಯ ಹಿಂದೆ ಬತ್ತಿ ಹಚ್ಚಿ ಕಿವಿ ಮುಚ್ಚಿಕೊಳ್ಳುವುದು. ಢಂ ಎಂದ ಕೂಡಲೇ ಅವರು ಭುಜವನ್ನು ಹಿಂದಕ್ಕೆ ಝಾಡಿಸುತ್ತಿದ್ದರಂತೆ. ಮರುದಿನ ಕಟ್ಟೆಯ ಮೇಲೆ ಕೂತು, ನಾಲ್ಕು ಮಂದಿ ನೋಡುವಂತೆ, ಮಗಳ ಕೈಯಿಂದಲೇ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಹೇಳುತ್ತ ಹೇಳುತ್ತ ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಕೇಳುತ್ತಿದ್ದದ್ದು ಯಾವ ಬಂದೂಕನ್ನು ಎಂದು ನನಗೆ ತಿಳಿದದ್ದು ಆಗ. ತಮ್ಮಂದಿರಿಗೆ ಅದು ಗುಂಡಿಲ್ಲದ ಕಬ್ಬಿಣವಾಗಿತ್ತು, ನನಗೂ ಅಷ್ಟೇ.

ಇಷ್ಟು ವರ್ಷ ಒಬ್ಬರಿಗೂ ಯಾಕೆ ಹೇಳಲಿಲ್ಲ ಎಂದೆ.

"ಅಪ್ಪ ಯಾರಿಗೂ ಹೇಳಬ್ಯಾಡ ಅಂದಿದ್ದ. ಹೇಳಿಲ್ಲ," ಎಂದಳು. ಆಮೇಲೆ ಕಟ್ಟೆಯ ಮೇಲಿನ ಅಚ್ಚಿನ ಕಡೆ ಒಮ್ಮೆ ನೋಡಿದಳು. "ನಿಮ್ಮದೂ ಯಾರ ಮುಂದೂ ಹೇಳಿಲ್ಲ."

ಮರುದಿನ ಮುಂಜಾನೆ ಅಂಗಡಿ ತೆರೆಯುವ ಮೊದಲೇ ನಾನು ಕಂಪ್ಯೂಟರ್ ಸೆಂಟರಿನ ಮುಂದೆ ನಿಂತಿದ್ದೆ. ಹುಡುಗಿ 'ಇತರೆ' ಒತ್ತಿದಳು, ಪತ್ರ ಸೇರಿಸಿದಳು. ಕಚೇರಿಗಳ ಮೆಟ್ಟಿಲು ಹತ್ತಿಳಿದು ಕೆಲವು ತಿಂಗಳಾದ ಮೇಲೆ ಲೈಸೆನ್ಸ್ ಮಾದೇವಿಯ ಹೆಸರಿಗೆ ಬಂತು. ಐದು ಕಾಡತೂಸುಗಳು ಮತ್ತೆ ಕುಂಕುಮದ ಡಬ್ಬಿಯಲ್ಲಿ ನಮ್ಮ ಮನೆಗೆ ಬಂದಿವೆ.

ಆ ದೀಪಾವಳಿಗೆ ಬಂದ ನೆಂಟರು ಎಂದಿನಂತೆ, ಚಕ್ಕಲಿ ಬಹಳ ಗರಿಗರಿಯಾಗಿವೆ, ನಿಮ್ಮ ಆ ಹಿತ್ತಾಳೆ ಅಚ್ಚಿನವೇ ಎಂದು ಕೇಳಿದರು. ಮಾದೇವಿ ಹೌದು ಎಂದಳು, ಈ ಸಲವಂತೂ ಅಷ್ಟನ್ನೂ ಇವರೇ ಒತ್ತಿದರು ಎಂದೂ ಸೇರಿಸಿದಳು. ನಾನು ಎದ್ದು ಒಳಗೆ ಹೋಗಿ, ಒಂದು ಬಟ್ಟಲಲ್ಲಿ ಎಣ್ಣೆ ತಂದು, ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿ ಕೂತು ಮುಂಗೈಗೆ ತಿಕ್ಕಿಕೊಂಡೆ.